ಸೈಕಲ್ ನಿಮ್ಮ ಅಳತೆಗಿರಲಿ!

ಭಾನುವಾರ ಬೆಳಗಾದರೆ ನಂದಿಬೆಟ್ಟದ ದಾರಿಯಲ್ಲಿ ಸೈಕಲ್ ಸವಾರರದ್ದೇ ಸಾಲು. ವಾರವಿಡೀ ಆಫೀಸಿನ ಕುರ್ಚಿಗೆ ಅಂಟಿಕೊಂಡವರು ಬೆಂಗಳೂರಿನಿಂದ ಸುಮಾರು 60 ಕಿ.ಮೀ. ತುಳಿದು, 1,478 ಮೀಟರ್ ಎತ್ತರದ ಬೆಟ್ಟ ಹತ್ತುತ್ತಾರೆ. ನಿಮ್ಮ ಮನೆಯವರಿಗೂ ಈ ಹುಚ್ಚು ಹತ್ತಿದೆಯೇ? ನಿಮಗೂ ಒಳಗೊಳಗೇ ಆಸೆಯೇ? ಹಾಗಾದರೆ ಅಂಗಡಿಗೆ ಹೋಗುವ ಮುನ್ನ ಇಷ್ಟು ತಿಳಿದಿರಲಿ.

‘ಒಂದೇ ಸೈಕಲ್ ಇಬ್ಬರಿಗೂ ಆಗುತ್ತೆ ಬಿಡು’ ಅನ್ನೋ ಮಾತಿಗೆ ಒಪ್ಪಲೇಬೇಡಿ. ಅಳತೆ ಹೊಂದದಿದ್ದರೆ ಎಷ್ಟು ದುಬಾರಿ ಸೈಕಲ್ಲಾದರೂ ಮಂಡಿನೋವು ತಂದು ಬಾಲ್ಕನಿಯ ಮೂಲೆ ಸೇರುತ್ತೆ. ನಿಮ್ಮ ಎತ್ತರಕ್ಕೆ ತಕ್ಕ ಫ್ರೇಮ್ ಕೇಳಿ. ಓಡಿಸಿ ನೋಡಿ. ಸೀಟಿನ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗಿದ್ದಾಗ ಮಂಡಿ ತುಸುವೇ ಮಡಚಿರಬೇಕು. ಸೀಟು ತೀರಾ ತಗ್ಗಿದ್ದರೆ ಮಂಡಿಗೆ ಭಾರ. ತೀರಾ ಎತ್ತರವಾದರೆ ಸೊಂಟ ಅತ್ತಿತ್ತ ವಾಲುತ್ತೆ.

ಬಜೆಟ್ ಬಿಗಿಯೇ? ಗೇರಿನ ಸಂಖ್ಯೆ ಕಮ್ಮಿಯಾದರೂ ಚಿಂತೆಯಿಲ್ಲ. ಆದರೆ ಹೆಲ್ಮೆಟ್, ಮುಂದೊಂದು ಬಿಳಿ ದೀಪ, ಹಿಂದೊಂದು ಕೆಂಪು ದೀಪ ಮಾತ್ರ ಬಿಡಬೇಡಿ. ಎಷ್ಟು ಗಾಳಿ ಹೊಡೆಸಬೇಕು ಅನ್ನೋದು ಟೈರಿನ ಬದಿಯಲ್ಲೇ ಅಚ್ಚಾಗಿರುತ್ತೆ, ನೋಡಿಕೊಳ್ಳಿ. ದುಪಟ್ಟಾ ಮನೆಯಲ್ಲೇ ಇರಲಿ. ಚಕ್ರಕ್ಕೆ ಸಿಕ್ಕಿದರೆ ಅಪಾಯ. ಪ್ಯಾಂಟಿನ ಬಲಗಾಲಿಗೆ ಚೈನ್ ತಾಗದಂತೆ ಒಂದು ರಬ್ಬರ್ ಬ್ಯಾಂಡ್ ಸಾಕು.

ಶುರುವಿನಲ್ಲೇ ಬೆಟ್ಟದ ಸಾಹಸ ಬೇಡ. ಬೆಳಿಗ್ಗೆ ಹಾಲು, ಸೊಪ್ಪು ತರೋಕೆ ಸೈಕಲ್ಲಿನಲ್ಲೇ ಹೋಗಿ. ಏರು ಬಂದಾಗ, ತುಳಿಯೋದು ಭಾರವಾಗುವ ಮೊದಲೇ ಹಗುರ ಗೇರಿಗೆ ಬದಲಿಸೋದನ್ನು ರೂಢಿ ಮಾಡಿಕೊಳ್ಳಿ. ಮನೆಯವರು ಪ್ರತಿ ಭಾನುವಾರ ಸವಾರಿ ಹೊರಟು, ನೀವು ಮಾತ್ರ ದೋಸೆಕಾವಲಿ ಮುಂದೆ ನಿಲ್ಲೋದ್ಯಾಕೆ? ಒಂದು ವಾರ ಅವರ ಸರದಿ, ಇನ್ನೊಂದು ವಾರ ನಿಮ್ಮದು. ಸೈಕಲ್ ಕೊಳ್ಳುವ ದಿನವೇ ಇದನ್ನೂ ಮಾತಾಡಿಕೊಂಡುಬಿಡಿ!