ಒಂದು, ಎಂಟು, ನಾಲ್ಕು, ಮೂರು

ರಾತ್ರಿಯಿಡೀ ಸುರಿದ ಮಳೆ ರಸ್ತೆಯ ಉಪ್ಪನ್ನೆಲ್ಲ ತೊಳೆದುಕೊಂಡು ಹೋಗಿತ್ತು. ಮಿಶಿಗನ್‌ನಲ್ಲಿ ಹಳೇ ಕಾರು ಸಾಕಿದವರು ಕಾಯುವುದು ಈ ಏಪ್ರಿಲ್ ಮಳೆಗೇ. ಹಿಮ ಕರಗಿಸಲು ನವೆಂಬರಿನಿಂದ ಸುರಿದ ಉಪ್ಪು ತಗಡಿನ ಸಂದಿಗೆ ಹೊಕ್ಕರೆ ಮುಗಿಯಿತು, ಒಳಗಿಂದೊಳಗೇ ತಿಂದುಹಾಕುತ್ತದೆ. ಬೆಳಿಗ್ಗೆ ಎಂಟಕ್ಕೆಲ್ಲ ಪಕ್ಕದ ಮನೆಯ ಹಿರಿಯರ ಗ್ಯಾರೇಜಿನ ಬಾಗಿಲು ಅರ್ಧ ಮೇಲೆದ್ದಿತ್ತು. ನಾನು ಬಗ್ಗಿ ಒಳಗೆ ಹೋದೆ.

ಕಾರು 1969ರ ಶೆವ್ರೊಲೆ ಕ್ಯಾಮರೊ. ಅವರು ಕೊಂಡಾಗ ಅದಕ್ಕೆ ಎಂಜಿನ್ ಇರಲಿಲ್ಲ, ನೆಲದ ತಗಡೂ ಇರಲಿಲ್ಲ. ಆರು ವರ್ಷ ತಾವೇ ವೆಲ್ಡಿಂಗ್ ಮಾಡಿ, ತಾವೇ ಬಣ್ಣ ಹೊಡೆದು ನಿಲ್ಲಿಸಿದ್ದಾರೆ. ಎಂಜಿನ್ ಹಳೆಯ ಶೆವಿ 350, ಅಂದರೆ 350 ಘನ ಇಂಚು, ನಮ್ಮ ಲೆಕ್ಕದಲ್ಲಿ 5.7 ಲೀಟರಿನ ವಿ-8. ಬ್ಲಾಕಿನ ಮುಂಭಾಗದಲ್ಲಿ ಒಂದು ಪುಟ್ಟ ಜಾಗದಲ್ಲಿ ಅಕ್ಷರ, ಅಂಕಿಗಳನ್ನು ಕುಟ್ಟಿದ್ದಾರೆ. ಮೊದಲ ಅಕ್ಷರ ‘ವಿ’ ಇದ್ದರೆ ಅದು ಫ್ಲಿಂಟ್ ಊರಿನಲ್ಲಿ ಜೋಡಿಸಿದ ಎಂಜಿನ್. ಇವರ ತಂದೆ ದುಡಿದದ್ದು ಫ್ಲಿಂಟಿನಲ್ಲೇ. ಬ್ಲಾಕಿಗೆಲ್ಲ ಕಿತ್ತಳೆ ಬಣ್ಣ ಬಳಿದರೂ ಆ ಜಾಗವನ್ನು ಮಾತ್ರ ಹಾಗೇ ಬಿಟ್ಟಿದ್ದಾರೆ. ದಿನಾ ಒರೆಸಿ ಒರೆಸಿ ಅದು ಬೆಳ್ಳಿಯಂತಾಗಿದೆ.

ಈ ಚಳಿಗಾಲದಲ್ಲಿ ಕ್ಯಾಮ್‌ಶಾಫ್ಟ್ ಬದಲಾಯಿತು. ಹೊಸ ಹೆಡರ್ ಕೊಳವೆಗಳು, ನಾಲ್ಕು ಬಾಯಿಯ ಹೊಸ ಕಾರ್ಬರೇಟರ್ ಬಂದವು. ಆದರೆ ಕೂಡಲೇ ಕೀಲಿ ತಿರುಗಿಸುವಂತಿಲ್ಲ. ಆ ಕಾಲದ ಎಂಜಿನ್ನುಗಳ ಕ್ಯಾಮ್ ಚಪ್ಪಟೆ ಲಿಫ್ಟರುಗಳ ಮೇಲೆ ನೇರವಾಗಿ ಉಜ್ಜುತ್ತಾ ತಿರುಗುವಂಥದ್ದು. ಎಣ್ಣೆಯಿಲ್ಲದೆ ಶುರುವಾದರೆ ಇಡೀ ಚಳಿಗಾಲದ ದುಡಿಮೆ ಕೆಲವೇ ನಿಮಿಷದಲ್ಲಿ ಪುಡಿಪುಡಿ.

ಅದಕ್ಕೇ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಹೊರಗೆ ತೆಗೆದು, ಆ ಕಂಡಿಯಲ್ಲಿ ಉದ್ದನೆಯ ಸಲಾಕೆ ಇಳಿಸಿ, ಡ್ರಿಲ್ ಮೆಷೀನಿನಿಂದ ಆಯಿಲ್ ಪಂಪನ್ನು ತಿರುಗಿಸಬೇಕು. ಡ್ರಿಲ್ ಹಿಡಿಯುವ ಕೆಲಸ ನನ್ನದಾಯಿತು. ಮೊದಲು ಅದು ಹಗುರವಾಗಿ ಕೀರಲು ದನಿಯಲ್ಲಿ ತಿರುಗಿತು. ಅರೆಕ್ಷಣದಲ್ಲಿ ದನಿ ಇಳಿಯಿತು, ಡ್ರಿಲ್ ಭಾರವಾಗಿ ಮಣಿಕಟ್ಟನ್ನು ತಿರುಚತೊಡಗಿತು. ಎಣ್ಣೆ ಸಿಕ್ಕಿತು! ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಐವತ್ತು ಪೌಂಡಿನ ಹತ್ತಿರ ಏರಿತು. ಮುಚ್ಚಳ ತೆಗೆದಿಟ್ಟ ರಾಕರುಗಳ ಸಾಲಿನಲ್ಲಿ, ಮೊದಲು ಒಂದರ ತುದಿಯಲ್ಲಿ, ಆಮೇಲೆ ಅದರ ಪಕ್ಕದ್ದರಲ್ಲಿ, ಜೇನಿನ ಬಣ್ಣದ ಎಣ್ಣೆ ಒಸರಿ ಜಿನುಗಿತು. ಬಾವಿ ತೋಡುವಾಗ ತಳದಲ್ಲಿ ನೀರು ಕಾಣಿಸಿದರೆ ಆಗುವ ಸಂತೋಷವೇ ಇದು. ಹದಿನಾರು ರಾಕರುಗಳೂ ತೇವವಾಗುವವರೆಗೆ ಇಬ್ಬರೂ ಮಾತಾಡಲಿಲ್ಲ.

ಡಿಸ್ಟ್ರಿಬ್ಯೂಟರನ್ನು ಕೈಗೆತ್ತಿಕೊಂಡಾಗ ನನಗೆ ಶಿವಮೊಗ್ಗದ ನೆನಪು. ಅಲ್ಲಿನ ಗ್ಯಾರೇಜಿನಲ್ಲಿ ಮೇಸ್ತ್ರಿ ಅಂಬಾಸಿಡರಿನ ಬಾನೆಟ್ಟಿಗೆ ತಲೆ ಹಾಕಿ “ಡೆಲ್ಕೊ ಬಿಚ್ಚು, ನೋಡಾಣ” ಅನ್ನುತ್ತಿದ್ದ. ಯಾವ ಕಂಪನಿಯದಾದರೂ ಡಿಸ್ಟ್ರಿಬ್ಯೂಟರಿಗೆ ನಮ್ಮ ಕಡೆ ಡೆಲ್ಕೊ ಎಂದೇ ಹೆಸರು. ಓಹಾಯೊದ ಡೇಟನ್ ಊರಿನಲ್ಲಿ ಚಾರ್ಲ್ಸ್ ಕೆಟರಿಂಗ್ ಮತ್ತವರ ಜೊತೆಗಾರರು 1909ರಲ್ಲಿ ಕಟ್ಟಿದ ಕಂಪನಿಯ ಹೆಸರದು. 1912ರ ಕ್ಯಾಡಿಲಾಕ್‌ಗೆ ವಿದ್ಯುತ್ ಸ್ಟಾರ್ಟರ್ ಕೊಟ್ಟು ಹ್ಯಾಂಡಲ್ ಹೊಡೆಯುವ ಕಷ್ಟ ತಪ್ಪಿಸಿದವರೂ ಇವರೇ. ಆ ಡೆಲ್ಕೊ ಈಗ ನನ್ನ ಅಂಗೈಯಲ್ಲಿತ್ತು, ಲೋಹದ ಮೇಲೆ ಹೆಸರು ಸಮೇತ.

ಕೂರಿಸಿದೆವು. ಕಿಡಿ ಹೋಗುವ ಸರದಿಯನ್ನು ಹಿರಿಯರು ಮಗ್ಗಿಯಂತೆ ಹೇಳಿದರು: ಒಂದು, ಎಂಟು, ನಾಲ್ಕು, ಮೂರು, ಆರು, ಐದು, ಏಳು, ಎರಡು. ವಯರುಗಳನ್ನು ಅದೇ ಸರದಿಯಲ್ಲಿ ಸಿಕ್ಕಿಸಿದೆ. ಕೀಲಿ ತಿರುಗಿತು. ಕೆಮ್ಮು, ಮತ್ತೆ ಕೆಮ್ಮು, ಆಮೇಲೆ ‘ಢಬ್’ ಎಂದು ಕಾರ್ಬರೇಟರಿನ ಬಾಯಿಂದ ಒಂದು ಗೇಣು ಬೆಂಕಿ. ಹಿರಿಯರು ಕೂಡಲೇ ಕೀಲಿ ಬಿಟ್ಟರು. “ಅರ್ಧ ಸುತ್ತು ಹೆಚ್ಚುಕಮ್ಮಿಯಾಗಿದೆ.”

ಕಾರಣ ಸರಳ. ನಾಲ್ಕು ಹೊಡೆತದ ಒಂದು ಆವರ್ತನದಲ್ಲಿ ಪಿಸ್ಟನ್ ಎರಡು ಸಲ ಮೇಲೆ ಬರುತ್ತದೆ, ಕ್ರ್ಯಾಂಕಿನ ಮುಂತುದಿಯ ಚಕ್ರದ ಗೀಟು ಎರಡು ಸಲವೂ ಸೊನ್ನೆಗೇ ನಿಲ್ಲುತ್ತದೆ. ಕಿಡಿ ಬೇಕಾಗುವುದು ಒಂದು ಸಲ ಮಾತ್ರ. ಆ ಸಲ ಯಾವುದೆಂದು ಬೆರಳೇ ಹೇಳಬೇಕು. ಒಂದನೇ ಸಿಲಿಂಡರಿನ ಪ್ಲಗ್ ಬಿಚ್ಚಿ ರಂಧ್ರಕ್ಕೆ ಹೆಬ್ಬೆರಳು ಒತ್ತಿಕೊಂಡೆ. ಅವರು ಉದ್ದ ಹಿಡಿಯ ಪಾನಾದಿಂದ ಕ್ರ್ಯಾಂಕ್ ತಿರುಗಿಸಿದರು. ಗೀಟು ಸೊನ್ನೆಗೆ ಬಂತು, ಬೆರಳಿಗೆ ಏನೂ ತಾಗಲಿಲ್ಲ. ಇನ್ನೊಂದು ಪೂರ್ತಿ ಸುತ್ತು. ಈಗ ಒಳಗಿನ ಗಾಳಿ ಬೆರಳನ್ನು ಪುಸ್ಸೆಂದು ಎತ್ತಿ ಎಸೆಯಿತು. “ಇದೇ!” ಎಂದು ಕನ್ನಡದಲ್ಲೇ ಕೂಗಿದೆ. ಅವರಿಗೆ ಅರ್ಥವಾಯಿತು.

ಡೆಲ್ಕೊ ಎತ್ತಿ ಅರ್ಧ ಸುತ್ತು ತಿರುಗಿಸಿ ಇಳಿಸಿದ ಮೇಲೆ ಎರಡೇ ಸುತ್ತಿಗೆ ಎಂಜಿನ್ ಹತ್ತಿಕೊಂಡಿತು. ಗೋಡೆಗೆ ನೇತುಹಾಕಿದ ಸ್ಪ್ಯಾನರುಗಳು ಗಣಗಣಿಸಿದವು. ಹೊಸ ಕ್ಯಾಮ್ ಹದಕ್ಕೆ ಬರಬೇಕಾದರೆ ಇಪ್ಪತ್ತು ನಿಮಿಷ ಎಂಜಿನ್ನಿನ ವೇಗವನ್ನು ನಿಮಿಷಕ್ಕೆ ಎರಡು ಸಾವಿರ ಸುತ್ತಿಗಿಂತ ಕೆಳಗೆ ಇಳಿಸುವಂತಿಲ್ಲ. ಬಾಗಿಲನ್ನು ಪೂರ್ತಿ ಎತ್ತಿದೆವು. ಹೆಡರುಗಳ ಮೇಲಿನ ಎಣ್ಣೆ ಸುಟ್ಟು ನೀಲಿ ಹೊಗೆ ಒದ್ದೆ ರಸ್ತೆಯತ್ತ ಹರಿಯಿತು. ಹಿರಿಯರ ಕಣ್ಣು ಎಣ್ಣೆಯ ಮುಳ್ಳನ್ನು ಬಿಟ್ಟು ಅಲುಗಲಿಲ್ಲ. ಕೊನೆಗೆ ಆಕ್ಸಿಲರೇಟರಿನಿಂದ ಕಾಲು ತೆಗೆದರು. ಎಂಜಿನ್ ಇಳಿದು, ಹೊಸ ಕ್ಯಾಮಿನ ಏರುಪೇರಿನ ಬಡಿತಕ್ಕೆ ನಿಂತಿತು: ದಡಕ್, ದಡದಡಕ್, ದಡಕ್. ಫೆಂಡರ್ ಮೇಲಿಟ್ಟ ಅಂಗೈಗೆ ಅದು ಗುಂಡಿಗೆಯಂತೆ ತಾಗುತ್ತಿತ್ತು.

ಆಗಸ್ಟಿನ ಮೂರನೇ ಶನಿವಾರ ಡೆಟ್ರಾಯಿಟ್ ಬಳಿಯ ವುಡ್‌ವರ್ಡ್ ಅವೆನ್ಯೂದಲ್ಲಿ ಹಳೇ ಕಾರುಗಳ ಜಾತ್ರೆ, 1995ರಿಂದ ನಡೆದುಬಂದಿದೆ. ಅಲ್ಲಿಗೆ ಹೋಗುವ ಮಾತು ಆಮೇಲೆ. ಹಿರಿಯರು ಎಂಜಿನ್ ನಿಲ್ಲಿಸಿ, ಬಿಸಿ ಎಣ್ಣೆ ಬಸಿದು, ಫಿಲ್ಟರನ್ನು ಕೊಯ್ದು ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿದರು. ಲೋಹದ ಚೂರು ಮಿನುಗಿದರೆ ಕ್ಯಾಮ್ ಕೆಟ್ಟಂತೆ. ನಾನು ಟಾರ್ಚ್ ಹಿಡಿದೆ. ಕಪ್ಪು ಎಣ್ಣೆ ಬಿಟ್ಟರೆ ಏನೂ ಇರಲಿಲ್ಲ. ಕೊನೆಯ ಮಡಿಕೆಯನ್ನೂ ಬೆರಳಿಂದ ಸವರಿ ನೋಡಿ, ಹೊಸ ಎಣ್ಣೆಯ ಡಬ್ಬಿಗೆ ಕೈ ಚಾಚಿದರು.