ನೀರು ದಾರಿ ಬಿಡುವ ಕಾಲ

ಅಂಕೋಲೆಯಿಂದ ಹುಬ್ಬಳ್ಳಿ ರಸ್ತೆ ಹಿಡಿದರೆ ಗಂಗಾವಳಿ ದಂಡೆಯ ಮೇಲೆ ನಮ್ಮ ರಾಮನಗುಳಿ ಸಿಗ್ತದೆ. ಇಲ್ಲಿ ವರ್ಷಕ್ಕೆ ಎರಡೇ ಕಾಲ ಅಂದರೂ ನಡೀತದೆ: ಹೊಳೆ ದಾಟುವ ಕಾಲ, ದಾಟಲಾಗದ ಕಾಲ. ಧಾರವಾಡದ ಕಡೆ ಬೇಡ್ತಿಯಾಗಿ ಹುಟ್ಟಿ, ಮಾಗೋಡಿನಲ್ಲಿ ಧುಮುಕಿ ಬರುವ ಈ ಹೊಳೆ ಬೇಸಿಗೆಯಲ್ಲಿ ಬಂಡೆಗಳ ನಡುವೆ ತಣ್ಣಗೆ ಹರೀತದೆ. ಜೂನ್ ಮಳೆ ಹಿಡಿಯಿತೋ, ಆಚೆ ದಡ ಬೇರೆ ಊರೇ ಆಗಿಬಿಡ್ತದೆ. ಕೆಳಗೆ ಕಡಲಲ್ಲೂ ಅಷ್ಟೇ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ನೀರಿಗಿಳಿಯುವಂತಿಲ್ಲ.

ಇದೇ ಲೆಕ್ಕ ಭೂಮಿಯ ಉತ್ತರ ತುದಿಯಲ್ಲಿ ತಿರುಗಾಮುರುಗಾ. ಅಲಾಸ್ಕಾದ ಉಟ್ಕಿಯಾಗ್ವಿಕ್ ಅನ್ನೋ ಕಡಲತಡಿಯ ಊರಲ್ಲಿ ಚಳಿಯೇ ದಾರಿ ತೆರೆಯುತ್ತದೆ. ಉಪ್ಪುನೀರು ಸೊನ್ನೆಗೆ ಹೆಪ್ಪುಗಟ್ಟೋದಿಲ್ಲ, ಸುಮಾರು ಮೈನಸ್ 1.8 ಡಿಗ್ರಿ ಬೇಕು. ಮೊದಲು ಗಂಜಿಯಂಥ ಪದರ, ಆಮೇಲೆ ತೆಳು ಹಾಳೆ. ನೀರು ಗಟ್ಟಿಯಾಗುತ್ತಾ ಉಪ್ಪನ್ನು ಹೊರಗೆ ತಳ್ಳುತ್ತದೆ. ಗಾಳಿಗೆ ಗಡ್ಡೆಗಳು ಒಂದರ ಮೇಲೊಂದು ಹತ್ತಿ ದಿಬ್ಬವಾಗಿ, ಕೆಲವು ಕಡಲ ತಳಕ್ಕೇ ಕಚ್ಚಿಕೊಳ್ಳುತ್ತವೆ. ಹೀಗೆ ದಡಕ್ಕೆ ಅಂಟಿ ನಿಂತ ಮಂಜುಗಡ್ಡೆಯ ಮೇಲೆ ಅಲ್ಲಿನ ಇನ್ಯೂಪಿಯಾಟ್ ಜನ ಹಾದಿ ಕಡಿದು, ಏಪ್ರಿಲ್-ಮೇನಲ್ಲಿ ತಿಮಿಂಗಿಲ ಬೇಟೆಗೆ ಹೋಗುತ್ತಾರೆ. ಆ ಮಾಂಸ ಊರಿಗೆಲ್ಲ ಹಂಚಿಕೆಯಾಗುತ್ತದೆ. ಬೇಸಿಗೆ ಬಂದರೆ ಹಾದಿ ಮುಳುಗಿತು!

ಈಗ ಆ ಪಂಚಾಂಗವೇ ತಪ್ಪುತ್ತಿದೆ. ಹಿಂದೆ ಅಕ್ಟೋಬರ್ ಹೊತ್ತಿಗೆ ಬರುತ್ತಿದ್ದ ಗಡ್ಡೆ ಈಗ ನವೆಂಬರ್, ಕೆಲವೊಮ್ಮೆ ಡಿಸೆಂಬರ್ ತನಕ ಕಾಯಿಸುತ್ತದೆ. ಇಡೀ ಆರ್ಕ್ಟಿಕ್‌ನಲ್ಲಿ ಗಡ್ಡೆ ಮಾರ್ಚ್‌ನಲ್ಲಿ ಅತಿ ಹೆಚ್ಚು, ಸೆಪ್ಟೆಂಬರ್‌ನಲ್ಲಿ ಅತಿ ಕಡಿಮೆ. 1980ರ ಸುಮಾರಿಗೆ ಸೆಪ್ಟೆಂಬರ್‌ನಲ್ಲಿ 70 ಲಕ್ಷ ಚದರ ಕಿಲೋಮೀಟರ್ ಆಸುಪಾಸು ಉಳಿಯುತ್ತಿದ್ದದ್ದು 2012ರಲ್ಲಿ 34 ಲಕ್ಷಕ್ಕೆ ಇಳಿಯಿತು. ಬೇಟೆಯ ಹಾದಿಯೊಂದೇ ಅಲ್ಲ, ದಡಕ್ಕಿದ್ದ ಕವಚವೂ ಹೋಯಿತು. ಗಡ್ಡೆ ತಡವಾದರೆ ಬಿರುಗಾಳಿಯ ಅಲೆ ನೇರ ಬಂದು ಮಣ್ಣನ್ನು ಕಚ್ಚುತ್ತದೆ.

ನಮ್ಮಲ್ಲಿ? ರಾಮನಗುಳಿಯ ತೂಗುಸೇತುವೆಯನ್ನು 2019ರ ಆಗಸ್ಟ್ ನೆರೆ ಕೊಚ್ಚಿಕೊಂಡು ಹೋಯಿತು. 2021ರ ಜುಲೈನಲ್ಲಿ ಮೇಲ್ಗಡೆ ಗುಳ್ಳಾಪುರದ ಸೇತುವೆ ಹೋಯಿತು. 2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿ ದಾಟಿ ಹೊಳೆಗೆ ಬಂತು, ಜೀವಗಳೂ ಹೋದವು. ಶಿರೂರಿನ ಗುಡ್ಡಕ್ಕೆ ಮಳೆಯೊಂದೇ ಕಾರಣ ಅಂತಲ್ಲ, ರಸ್ತೆಗೆ ಗುಡ್ಡ ಕಡಿದ ಮಾತೂ ಇದೆ. ಆದರೆ ಐದು ವರ್ಷದಲ್ಲಿ ಒಂದೇ ಹೊಳೆಯ ದಂಡೆಯಲ್ಲಿ ಮೂರು ಸಲ ಅಂದರೆ ಸುಮ್ಮನೆ ಬಿಡುವ ಮಾತಲ್ಲ.

ದೂರದ ಹಿಮ ನಮಗ್ಯಾಕೆ ಅನ್ನಬೇಡಿ. ಕಾರವಾರ ದಾಟಿದರೆ ಸಿಗುವ ಗೋವಾದ ವಾಸ್ಕೋದಲ್ಲೇ ಧ್ರುವ ಮತ್ತು ಸಾಗರ ಸಂಶೋಧನೆಯ ರಾಷ್ಟ್ರೀಯ ಕೇಂದ್ರ ಇದೆ. ಭಾರತ 2008ರಲ್ಲಿ ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ ‘ಹಿಮಾದ್ರಿ’ ನೆಲೆ ತೆರೆಯಿತು. 2014ರಲ್ಲಿ ಅಲ್ಲಿನ ಕೊಲ್ಲಿಯ ನೀರೊಳಗೆ ಅಳತೆಯ ಉಪಕರಣಗಳನ್ನೂ ಇಳಿಸಿತು. ಆರ್ಕ್ಟಿಕ್‌ಗೂ ನಮ್ಮ ಮುಂಗಾರಿಗೂ ಇರುವ ನಂಟನ್ನು ನಮ್ಮ ವಿಜ್ಞಾನಿಗಳು ಹುಡುಕುತ್ತಿದ್ದಾರೆ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಹಳೇ ಡೇಟಾ ನಂಬಿ ಹೊಸ ವ್ಯವಸ್ಥೆ ಕಟ್ಟಿದರೆ ಅದು ಮೊದಲ ಒತ್ತಡಕ್ಕೇ ಕುಸಿಯುತ್ತದೆ. ಸೇತುವೆಯೂ ಅಷ್ಟೇ. ಅಜ್ಜನ ಕಾಲದ ನೆರೆಯ ಗುರುತು ನೋಡಿ ಕಂಬದ ಎತ್ತರ ನಿರ್ಧರಿಸಿದರೆ ಸಾಲದು, 2019ರ ಗುರುತನ್ನೂ ಸೇರಿಸಬೇಕು. ಹಾಗಂತ ಅಜ್ಜನ ನೆನಪು ಬೇಡ ಅಂತಲ್ಲ. ಉಟ್ಕಿಯಾಗ್ವಿಕ್‌ನಲ್ಲಿ ಗಡ್ಡೆಯ ಅಧ್ಯಯನಕ್ಕೆ ಬಂದ ವಿಜ್ಞಾನಿಗಳು ಹಿರಿಯ ಬೇಟೆಗಾರರನ್ನು ಕೇಳಿಕೊಂಡೇ ಕೆಲಸ ಮಾಡಿದ್ದಾರೆ. ನಿಮ್ಮೂರ ಹೊಳೆ ಹಿಂದೆ ಯಾವ ತಿಂಗಳು ದಾರಿ ಬಿಡುತ್ತಿತ್ತು, ಈಗ ಯಾವಾಗ? ಮನೆಯ ಹಿರಿಯರನ್ನು ಕೇಳಿ, ತಾರೀಕು ಹಾಕಿ ಬರೆದಿಡಿ. ಮುಂದೆ ಸೇತುವೆ ಕಟ್ಟುವವರಿಗೆ ಆ ಒಂದು ಪುಟ ಬೇಕಾದೀತು.