ಜೀವ ಕೊಟ್ಟವನ ಹೊಣೆ: ಕಿರುತೆರೆಯ ಫ್ರಾಂಕೆನ್‌ಸ್ಟೈನ್

'ಫ್ರಾಂಕೆನ್‌ಸ್ಟೈನ್' ಎಂದೊಡನೆ ಕತ್ತಿನಲ್ಲಿ ಬೋಲ್ಟು ಸಿಕ್ಕಿಸಿಕೊಂಡ, ಚಪ್ಪಟೆ ತಲೆಯ ದೈತ್ಯನೊಬ್ಬ ಕಣ್ಣ ಮುಂದೆ ಬರುತ್ತಾನಲ್ಲವೆ? ಆ ರೂಪ ನಮಗೆ ಬಂದದ್ದು 1931ರ ಹಾಲಿವುಡ್ ಚಿತ್ರದಿಂದ. ಮೇರಿ ಶೆಲ್ಲಿ 1818ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ಬೋಲ್ಟೂ ಇಲ್ಲ, ಮಿಂಚು ಹಿಡಿಯುವ ಯಂತ್ರವೂ ಇಲ್ಲ. ಫ್ರಾಂಕೆನ್‌ಸ್ಟೈನ್ ಎಂಬುದು ಸೃಷ್ಟಿಸಿದ ಯುವಕನ ಹೆಸರು. ಸೃಷ್ಟಿಯಾದವನಿಗೆ ಹೆಸರನ್ನೇ ಇಟ್ಟಿಲ್ಲ.

1816ರಲ್ಲಿ ಈ ಕಥೆ ಬರೆಯತೊಡಗಿದಾಗ ಮೇರಿಗೆ 18 ವರ್ಷ. ಅಂದರೆ ನಿಮ್ಮದೇ ವಯಸ್ಸು. ಸತ್ತ ಕಪ್ಪೆಯ ಕಾಲು ಲೋಹಗಳ ಸ್ಪರ್ಶದಿಂದ ಅದುರುವುದನ್ನು ಇಟಲಿಯ ಗಾಲ್ವಾನಿ ಅದಕ್ಕೆ ಮೊದಲೇ ತೋರಿಸಿದ್ದ. ಅವನ ಸೋದರಳಿಯ ಆಲ್ಡೀನಿ 1803ರಲ್ಲಿ ಲಂಡನ್ನಿನಲ್ಲಿ, ಗಲ್ಲಿಗೇರಿಸಲಾದ ಅಪರಾಧಿಯೊಬ್ಬನ ಶವಕ್ಕೆ ವಿದ್ಯುತ್ ಹರಿಸಿದಾಗ ದವಡೆ ಅಲುಗಿತು. ಸಾವಿನ ನಂತರವೂ ಸ್ನಾಯುಕೋಶಗಳು ಸ್ವಲ್ಪ ಕಾಲ ಪ್ರಚೋದನೆಗೆ ಸ್ಪಂದಿಸುತ್ತವೆ. ಹಾಗೆ ಅದುರುವುದು ಮರುಜೀವವಲ್ಲ ಎಂದು ಇಂದು ನಮಗೆ ಗೊತ್ತು. ಅಂದಿನವರಿಗೆ ಅದು ಬಿಡಿಸಲಾಗದ ಒಗಟಾಗಿತ್ತು.

ಈ ಕಥೆಯ ಕಿರುತೆರೆ ರೂಪಾಂತರಗಳಲ್ಲಿ ಗಮನಾರ್ಹವಾದುದು 1973ರಲ್ಲಿ ಅಮೆರಿಕದ ಎನ್‌ಬಿಸಿ ವಾಹಿನಿ ಎರಡು ಕಂತುಗಳಲ್ಲಿ ಪ್ರಸಾರ ಮಾಡಿದ 'ಫ್ರಾಂಕೆನ್‌ಸ್ಟೈನ್: ದ ಟ್ರೂ ಸ್ಟೋರಿ'. ನಿರ್ದೇಶಕ ಜ್ಯಾಕ್ ಸ್ಮೈಟ್. ಡಾನ್ ಬಕಾರ್ಡಿ ಜೊತೆಗೂಡಿ ಚಿತ್ರಕಥೆ ಬರೆದವರು, ಶ್ರೀ ರಾಮಕೃಷ್ಣರ ಜೀವನಚರಿತ್ರೆಯನ್ನೂ ಬರೆದ ಕ್ರಿಸ್ಟೋಫರ್ ಇಷರ್‌ವುಡ್.

ಹೆಸರು 'ನಿಜವಾದ ಕಥೆ' ಎಂದಿದ್ದರೂ ಇವರು ಮೂಲವನ್ನು ಧೈರ್ಯವಾಗಿ ಬದಲಿಸಿದರು. ಕಾದಂಬರಿಯಲ್ಲಿ ಆ ಜೀವಿ ಕಣ್ಣು ತೆರೆದ ಕೂಡಲೇ ಅದರ ವಿಕಾರಕ್ಕೆ ಹೆದರಿ ವಿಕ್ಟರ್ ಓಡಿಹೋಗುತ್ತಾನೆ. ಇಲ್ಲಿಯಾದರೋ ಮೈಕೇಲ್ ಸರಾಜಿನ್ ನಟಿಸಿದ ಆ ಜೀವಿ ಸುಂದರ ತರುಣ. ವಿಕ್ಟರ್ ಅವನಿಗೆ ಮಾತು ಕಲಿಸುತ್ತಾನೆ, ಹೆಮ್ಮೆಯಿಂದ ಹೊರಗೆ ಕರೆದೊಯ್ಯುತ್ತಾನೆ. ಆಮೇಲೆ ತರುಣನ ಚರ್ಮ ಕೆಡತೊಡಗುತ್ತದೆ. ಮುಖ ಕೆಟ್ಟಂತೆಲ್ಲ ವಿಕ್ಟರನ ಪ್ರೀತಿಯೂ ಕರಗುತ್ತದೆ. ಹಾಗಾದರೆ ಅವನು ಪ್ರೀತಿಸಿದ್ದು ಆ ಜೀವಿಯನ್ನೋ, ತನ್ನ ಪ್ರಯೋಗದ ಯಶಸ್ಸನ್ನೋ? ಇಂಥ ನಿಧಾನದ ಬದಲಾವಣೆಯನ್ನು ಹಂತಹಂತವಾಗಿ ತೋರಿಸಲು ಕಂತುಗಳಲ್ಲಿ ಸಾಗುವ ಕಿರುತೆರೆ ಬಹಳ ಅನುಕೂಲವಾದ ಮಾಧ್ಯಮ.

ಪ್ರಶ್ನೆ ಹಳೆಯದಾಗಿಲ್ಲ. 2010ರಲ್ಲಿ ಕ್ರೇಗ್ ವೆಂಟರ್ ಅವರ ತಂಡ ಹತ್ತು ಲಕ್ಷಕ್ಕೂ ಹೆಚ್ಚು ಅಕ್ಷರಗಳಿರುವ ಬ್ಯಾಕ್ಟೀರಿಯಾ ಜೀನೋಮನ್ನು ಕೃತಕವಾಗಿ ಜೋಡಿಸಿ, ಮತ್ತೊಂದು ಜೀವಕೋಶದಲ್ಲಿರಿಸಿತು. ಆ ಕೋಶ ವಿಭಜನೆಗೊಂಡು ಬೆಳೆಯಿತು. ಕೋಶವೇನೋ ಮೊದಲೇ ಇದ್ದದ್ದು; ಅದನ್ನು ನಡೆಸಿದ ಬರಹ ಮಾತ್ರ ಮನುಷ್ಯರು ಜೋಡಿಸಿದ್ದು. ಇಂಥ ಪ್ರಯೋಗಗಳಲ್ಲಿ 'ಮಾಡಬಹುದೆ?' ಎಂಬುದರ ಜೊತೆಗೆ 'ಮಾಡಿದ ಮೇಲೆ ಯಾರ ಹೊಣೆ?' ಎಂದೂ ಕೇಳಬೇಕಾಗುತ್ತದೆ.

ಈ ಕಥೆಯ ಯಾವುದೇ ರೂಪಾಂತರ ನೋಡುವಾಗ ದೈತ್ಯನ ಮುಖದಷ್ಟೇ ಗಮನವಿಟ್ಟು ವಿಕ್ಟರನ ಮುಖವನ್ನೂ ನೋಡಿರಿ. ಅವನು ಯಾವ ಗಳಿಗೆಯಲ್ಲಿ ಬೆನ್ನು ತಿರುಗಿಸುತ್ತಾನೆ ಎಂಬುದನ್ನು ಗುರುತು ಹಾಕಿಕೊಂಡು, ತರಗತಿಯಲ್ಲಿ ಚರ್ಚಿಸಿರಿ.